ದೊಡ್ಡಪ್ಪನ ಜಾವಾ

ಕೊಟ್ಟಿಗೆಯ ಮೂಲೆಯಲ್ಲಿ, ಹೊಟ್ಟಿನ ಮೂಟೆಗಳ ಹಿಂದೆ ಇಪ್ಪತ್ತೆರಡು ವರ್ಷ ನಿಂತಿದ್ದ ಗಾಡಿಯ ಮೇಲಿನ ಗೋಣಿತಾಟು ಎಳೆದಾಗ ಮೊದಲು ಕಂಡದ್ದು ಎರಡು ಕೋಳಿಮೊಟ್ಟೆ. ಸೀಟಿನ ಸ್ಪಂಜು ಕಿತ್ತುಹೋಗಿ ಗುಳಿ ಬಿದ್ದಿತ್ತು. ಅಲ್ಲಿ ಯಾವುದೋ ಹೇಂಟೆ ಜಾಗ ಮಾಡಿಕೊಂಡಿತ್ತು. ದೊಡ್ಡಮ್ಮ ಮೊಟ್ಟೆಗಳನ್ನು ಸೆರಗಿಗೆ ಹಾಕಿಕೊಂಡು, ‘ತಗೊಂಡ್ ಹೋಗಪ್ಪ. ಗುಜರಿಗೆ ಮಾತ್ರ ಹಾಕ್ಬೇಡ’ ಅಂದರು. ನಾನು ಕಿಕ್ಕರ್ ಮೇಲೆ ಕಾಲಿಟ್ಟೆ. ಅದು ಒಂದು ಎಳೆಯಷ್ಟೂ ಕದಲಲಿಲ್ಲ.

1968ರ ಜಾವಾ 250. ದೊಡ್ಡಪ್ಪ ರೇಷ್ಮೆ ಇಲಾಖೆಯಲ್ಲಿದ್ದರು. ಬಿಸಿಲೇರುವ ಮೊದಲೇ ರೇಷ್ಮೆಹುಳದ ಮೊಟ್ಟೆ ಹಾಳೆಗಳನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಬೇಕಾದ ಕೆಲಸ ಅವರದು. ತಿ. ನರಸೀಪುರದ ಸುತ್ತಲ ಏರಿ, ನಾಲೆಬದಿ, ಗದ್ದೆಬದುಗಳಲ್ಲೆಲ್ಲ ಈ ಗಾಡಿ ಓಡಿದೆ. ಅವರು ಹೋದ ಮೇಲೆ ಯಾರೂ ಹತ್ತಲಿಲ್ಲ. ನನಗೆ ಆ ಹೊತ್ತಿಗೆ ಪ್ಲಗ್ಗು ಬಿಚ್ಚುವುದನ್ನು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಏನೂ ಬಾರದವನೊಬ್ಬ ಒಂದು ಹಳೆಯ ಬೈಕನ್ನು ಮತ್ತೆ ರಸ್ತೆಗೆ ತರುವ ಕೆಲಸವನ್ನು ಎಲ್ಲಿಂದ ಹಿಡಿಯಬೇಕು, ಅದರಲ್ಲಿ ಏನೇನು ಕಲಿಯುವುದಿದೆ ಎಂಬುದನ್ನು ಹದಿನಾಲ್ಕು ತಿಂಗಳ ನನ್ನ ಅನುಭವದಿಂದಲೇ ಹೇಳುತ್ತೇನೆ.

ಮೈಸೂರು ಸೀಮೆಯವರಿಗೆ ಈ ವಿದ್ಯೆ ಕಲಿಯಲು ಜಾವಾದಷ್ಟು ಒಳ್ಳೆಯ ಗಾಡಿ ಬೇರೆ ಇಲ್ಲ ಎಂಬುದು ನನ್ನ ನಂಬಿಕೆ. ಹುಟ್ಟಿದ್ದು ಯುರೋಪಿನಲ್ಲಾದರೂ ಅದು ನಮ್ಮೂರಿನದೇ ಗಾಡಿ. 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನೂ ವಾಂಡರರ್‌ನ ಮೊದಲಕ್ಷರಗಳನ್ನೂ ಕೂಡಿಸಿ ಜಾವಾ ಎಂದು ಹೆಸರಿಟ್ಟ. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇವು ತಯಾರಾದವು. 1973ರ ಹೊತ್ತಿಗೆ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ಮರಳಿತಾದರೂ ಈ ಹೊಸವು ಫೋರ್ ಸ್ಟ್ರೋಕ್, ಹಳೆಯದರ ಆ ‘ಡಬ್ ಡಬ್’ ಇವಕ್ಕಿಲ್ಲ.

ಕಲಿಯುವವನಿಗೆ ಇದು ಒಳ್ಳೆಯದು ಎಂದದ್ದಕ್ಕೆ ಕಾರಣವಿದೆ. ಹಳೆಯ ಜಾವಾದ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವಿಲ್ಲ, ಕ್ಯಾಮ್‌ಶಾಫ್ಟ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತಾ ತಾನೇ ಅವನ್ನು ಮುಚ್ಚುತ್ತದೆ, ತೆರೆಯುತ್ತದೆ. ಉಸಿರು ತೆಗೆದುಕೊಳ್ಳುವುದೂ ಬಿಡುವುದೂ ಆ ಒಂದೇ ಪಿಸ್ಟನ್ನಿನ ಕೆಲಸ. ಸಿಲಿಂಡರ್ ಒಂದೇ ಆದರೂ ಹೊಗೆ ಹೋಗುವ ಕಿಂಡಿ ಎರಡು, ಹಾಗಾಗಿ ಸೈಲೆನ್ಸರೂ ಎರಡು. ಎಡಗಡೆಯ ಒಂದೇ ಲಿವರ್ ಗೇರೂ ಹೌದು ಕಿಕ್ಕರೂ ಹೌದು: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ಮಡಚಿದರೆ ಗೇರ್. ಗೇರ್ ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಟ್ಟುಕೊಳ್ಳುವ ಏರ್ಪಾಡೂ ಇದೆ. ಇಷ್ಟೊಂದು ಕೆಲಸವನ್ನು ಇಷ್ಟು ಕಡಿಮೆ ಸಾಮಾನಿನಲ್ಲಿ ಮಾಡಿಸಿದವರ ತಲೆಗೆ ಕೈಮುಗಿಯಬೇಕು.

ಗುರುವಿಲ್ಲದೆ ಈ ವಿದ್ಯೆ ಬಾರದು. ನನಗೆ ಸಿಕ್ಕ ಮೇಸ್ತ್ರಿ ಯಾದವಗಿರಿಯ ಕಾರ್ಖಾನೆಯಲ್ಲೇ ಎಂಜಿನ್ ಜೋಡಿಸುತ್ತಿದ್ದವರು. ಅದು ಮುಚ್ಚಿದ ಮೇಲೆ ಮನೆ ಮುಂದೆ ಶೀಟ್ ಹಾಕಿಕೊಂಡು ಗ್ಯಾರೇಜು ತೆರೆದವರು. ಮೊದಲ ದಿನ ನಾನು ಸ್ಪ್ಯಾನರ್ ಡಬ್ಬಿ ಹಿಡಿದುಕೊಂಡು ಹೋದರೆ, ಅವರು ಕೇಳಿದ್ದು ನೋಟ್‌ಬುಕ್ಕು. ‘ಬಿಚ್ಚೋದು ಯಾರಿಗಾದ್ರೂ ಬರುತ್ತೆ ಸಾರ್. ಎಲ್ಲಿಂದ ಬಿಚ್ಚಿದ್ದು ಅಂತ ನೆನಪಿಟ್ಕೊಳ್ಳೋದು ಬರಲ್ಲ’ ಎಂದರು.

ಆ ದಿನ ಬರೀ ನೋಡಿದೆವು. ಯಾವ ವೈರು ಎಲ್ಲಿಗೆ ಹೋಗಿದೆ, ಯಾವ ಬೋಲ್ಟಿನ ಕೆಳಗೆ ಎಷ್ಟು ವಾಷರ್, ಕೇಬಲ್ಲು ಫ್ರೇಮಿನ ಒಳಗಿಂದ ಬಂದಿದೆಯೋ ಹೊರಗಿಂದಲೋ. ಫೋನಿನಲ್ಲಿ ಫೋಟೋ ತೆಗೆದೆ, ಆದರೆ ಮೇಸ್ತ್ರಿ ಹೇಳಿದ ಹಾಗೆ ಕೈಯಲ್ಲೂ ಚಿತ್ರ ಬರೆದೆ. ಬರೆಯುವಾಗ ಕಣ್ಣು ನಿಲ್ಲುತ್ತದೆ. ಹಾರ್ಲಿಕ್ಸ್ ಬಾಟಲಿ, ಉಪ್ಪಿನಕಾಯಿ ಭರಣಿ, ಔಷಧಿ ಡಬ್ಬ ಒಂದೊಂದಕ್ಕೂ ಚೀಟಿ ಅಂಟಿಸಿ ‘ಹಿಂದಿನ ಮಡ್‌ಗಾರ್ಡ್, ಬಲ’, ‘ಫುಟ್‌ರೆಸ್ಟ್’ ಎಂದೆಲ್ಲ ಬರೆದಿಟ್ಟೆ. ಹೊಸಬರು ಸೋಲುವುದು ಬಹುಪಾಲು ಇಲ್ಲಿ. ಒಂದು ಭಾನುವಾರದ ಹುಮ್ಮಸ್ಸಿನಲ್ಲಿ ಗಾಡಿಯನ್ನು ಪೂರ್ತಿ ಬಿಚ್ಚಿ, ನಟ್ಟುಬೋಲ್ಟನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದು, ಆರು ತಿಂಗಳ ನಂತರ ಅದೇ ಬಕೆಟ್ಟಿನ ಸಮೇತ ಮಾರಿದವರನ್ನು ನಾನೇ ಬಲ್ಲೆ.

ತುಕ್ಕು ಹಿಡಿದ ಬೋಲ್ಟನ್ನು ಸಡಿಲಿಸುವುದೇ ಒಂದು ಕಲೆ. ಬಲ ಬೇಡ, ಕಾಲ ಬೇಕು. ಸಂಜೆ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಬುಡಕ್ಕೆ ಬಿಡಬೇಕು, ಬೆಳಿಗ್ಗೆ ತಲೆಯ ಮೇಲೆ ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟಬೇಕು, ಮತ್ತೆ ಬಿಡಬೇಕು. ತಟ್ಟಿದಾಗ ಬರುವ ಸದ್ದೇ ಹೇಳುತ್ತದೆ: ಕಚ್ಚಿಕೊಂಡ ಬೋಲ್ಟು ಗಟ್ಟಿ ಸದ್ದು ಕೊಡುತ್ತದೆ, ಬಿಟ್ಟುಕೊಂಡದ್ದು ಮಂದ ಸದ್ದು. ಬಿಚ್ಚುವ ಮುಂಚೆ ಒಂದಿಷ್ಟು ಬಿಗಿ ಮಾಡುವುದು ಇನ್ನೊಂದು ಉಪಾಯ. ತುಕ್ಕಿನ ಪೊರೆ ಮೊದಲು ಒಡೆಯುವುದು ಹಾಗೆ ಅಲ್ಲಾಡಿಸಿದಾಗಲೇ. ಅವಸರಪಟ್ಟು, ಅಳತೆಗೆ ಸರಿಹೊಂದದ ಸ್ಕ್ರೂಡ್ರೈವರಿನಲ್ಲಿ ಒಂದು ಸ್ಕ್ರೂ ತಲೆಯನ್ನು ನಾನು ತಿಂದುಹಾಕಿದೆ. ಅದನ್ನು ತೆಗೆಯಲು ಒಂದು ಪೂರ್ತಿ ದಿನ ಹೋಯಿತು. ಆಮೇಲೆ ಒಂದನ್ನೂ ಕೆಡಿಸಲಿಲ್ಲ.

ಇನ್ನು ನನ್ನ ಮಟ್ಟಿಗೆ ಈ ಕೆಲಸದ ಅರ್ಥವನ್ನೇ ಬದಲಿಸಿದ ಒಂದು ವಸ್ತುವಿನ ವಿಷಯ ಹೇಳಬೇಕು.

ಎಂಜಿನ್ನಿನ ಎಡಗಡೆ ಮುಚ್ಚಳದೊಳಗೆ ಕ್ಲಚ್ಚೂ ಪ್ರೈಮರಿ ಚೈನೂ ಆಯಿಲ್ಲಿನಲ್ಲಿ ಮುಳುಗಿ ಓಡುತ್ತವೆ. ಆಯಿಲ್ ಸೋರದಿರಲು ಮುಚ್ಚಳಕ್ಕೂ ಎಂಜಿನ್ನಿಗೂ ನಡುವೆ ಕಾಗದದ ಪ್ಯಾಕಿಂಗ್ ಇರುತ್ತದೆ. ಮುಚ್ಚಳವನ್ನು ಮರದ ಕೊಡತಿಯಿಂದ ಸುತ್ತಲೂ ತಟ್ಟಿ ಬಿಡಿಸಿದಾಗ ಪ್ಯಾಕಿಂಗ್ ಹರಿಯದೆ ಇಡಿಯಾಗಿ ಬಂತು. ಆಯಿಲ್ ಕುಡಿದು ಕುಡಿದು ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳುವಾಗಿತ್ತು. ಅದರಲ್ಲಿ ಅಕ್ಷರಗಳು! ಒಂದು ಬೆರಳಗಲದ ಪಟ್ಟಿಯ ಉದ್ದಕ್ಕೂ ಅರ್ಧರ್ಧ ಕತ್ತರಿಸಿದ ಕೆಂಪು ಅಕ್ಷರ: ‘...ಸೌ|| ಸ...’, ಆಚೆ ತಿರುವಿನಲ್ಲಿ ‘...ತ್ರದ ಎದುರು, ನಂಜನಗೂ...’, ಕೆಳಗೆ ‘...-5-1979’. ಯಾರದೋ ಲಗ್ನಪತ್ರಿಕೆಯನ್ನು ಕತ್ತರಿಸಿ ಮಾಡಿದ ಪ್ಯಾಕಿಂಗ್ ಅದು.

ದೊಡ್ಡಮ್ಮನಿಗೆ ತೋರಿಸಿದೆ. ಕಿಟಕಿಯ ಹತ್ತಿರ ಹಿಡಿದು ನೋಡಿ, ‘ಇದು ನಮ್ ಸರೋಜಂದು ಕಣೋ. ಪತ್ರಿಕೆ ಜಾಸ್ತಿ ಹೊಡೆಸಿಬಿಟ್ಟಿದ್ರು, ವರ್ಷಗಟ್ಲೆ ಮನೇಲಿತ್ತು. ಲೆಕ್ಕ ಬರೆಯೋಕೆ, ಡಬ್ಬದ ತಳಕ್ಕೆ, ಎಲ್ಲಕ್ಕೂ ಅದೇ’ ಎಂದರು. ಅಂದರೆ 1979ರ ಬೇಸಿಗೆಯ ಆಚೆಗೆ ಯಾವಾಗಲೋ ಕ್ಲಚ್ಚು ಬಿಚ್ಚಿದ್ದಾರೆ. ದೊಡ್ಡಪ್ಪನೇ ಮನೆಯಲ್ಲಿ ಕೂತು ಬಿಚ್ಚಿರಬೇಕು, ಇಲ್ಲವೇ ಮೆಕ್ಯಾನಿಕ್ಕಿನ ಹತ್ತಿರ ಹೋಗುವಾಗ ಪತ್ರಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಬೇಕು. ಗಾಡಿಯ ಯಾವ ಕಾಗದಪತ್ರದಲ್ಲೂ ಇಲ್ಲದ ಒಂದು ಸಂಗತಿ, ಮುಚ್ಚಳದ ಅಂಚಿನಲ್ಲಿ ಉಳಿದುಕೊಂಡಿತ್ತು.

ಆ ಪ್ಯಾಕಿಂಗ್ ಕತ್ತರಿಸಿದ ಕೈ ಎಂಥ ಪಳಗಿದ ಕೈ ಎಂಬುದು, ಮೇಸ್ತ್ರಿ ನನಗೆ ಹೊಸದನ್ನು ಮಾಡಲು ಕಲಿಸಿದಾಗ ತಿಳಿಯಿತು. ಕತ್ತರಿಯನ್ನು ಮುಟ್ಟುವ ಹಾಗೇ ಇಲ್ಲ. ಮುಚ್ಚಳವನ್ನು ಅಂಗಾತ ಇಟ್ಟು, ಮೇಲೆ ಪ್ಯಾಕಿಂಗ್ ಕಾಗದ ಹಾಸಿ, ಸುತ್ತಿಗೆಯ ಗುಂಡು ತುದಿಯಿಂದ ಅಂಚಿನ ಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಲೋಹದ ಅಂಚೇ ಚೂರಿಯಾಗಿ ಕಾಗದ ತನ್ನಷ್ಟಕ್ಕೆ ಕತ್ತರಿಸಿಕೊಳ್ಳುತ್ತದೆ. ಜೋರಾಗಿ ಹೊಡೆದರೆ ಅಲ್ಯೂಮಿನಿಯಂ ಅಂಚು ಸಪಾಟಾಗುತ್ತದೆ, ಆಮೇಲೆ ಯಾವ ಪ್ಯಾಕಿಂಗ್ ಹಾಕಿದರೂ ಸೋರುವುದೇ. ಸ್ಕ್ರೂ ತೂತುಗಳನ್ನು ಮಾಡುವ ಬಗೆಯಂತೂ ಇನ್ನೂ ಚಂದ. ಹಳೆಯ ಬೇರಿಂಗಿನಿಂದ ತೂತಿಗಿಂತ ತುಸು ದೊಡ್ಡದಾದ ಒಂದು ಗುಂಡು ತೆಗೆದು, ಕಾಗದದ ಮೇಲೆ, ಕೆಳಗೆ ತೂತಿರುವ ಜಾಗಕ್ಕೆ ಇಟ್ಟು ಒಂದು ಪೆಟ್ಟು. ಕಾಗದದ ಬಿಲ್ಲೆಯೊಂದು ಉದುರಿ, ಯಂತ್ರದಲ್ಲಿ ಹೊಡೆದ ಹಾಗೆ ದುಂಡನೆಯ ತೂತು ಬೀಳುತ್ತದೆ. ಮೊದಲು ಎದುರುಬದುರಿನ ಎರಡು ತೂತು ಮಾಡಿ, ಅದರಲ್ಲಿ ಸ್ಕ್ರೂ ಇಳಿಸಿ ಕಾಗದ ಜಾರದಂತೆ ನಿಲ್ಲಿಸಿಕೊಂಡು ಉಳಿದದ್ದನ್ನು ತಟ್ಟಬೇಕು. ನನ್ನ ಮೊದಲ ಮೂರು ಹರಿದವು. ನಾಲ್ಕನೆಯದು ಕೂತಿತು.

ಅಲ್ಲಿಯವರೆಗೆ ಗಾಡಿಯನ್ನು ಹೊಸದರಂತೆ ಮಾಡುವುದೇ ಈ ಕೆಲಸ ಎಂದುಕೊಂಡಿದ್ದೆ. ಆ ಪ್ಯಾಕಿಂಗ್ ನೋಡಿದ ಮೇಲೆ ಪ್ರತಿ ಬೋಲ್ಟಿನ ಮುಂದೆಯೂ ಬೇರೆಯ ಪ್ರಶ್ನೆ ಕೇಳತೊಡಗಿದೆ: ಇಲ್ಲಿ ನನಗಿಂತ ಮುಂಚೆ ಯಾರ ಕೈ ಆಡಿದೆ, ಅವರು ಹೀಗೇಕೆ ಮಾಡಿದರು? ವೈರಿಗೆ ಸುತ್ತಿದ ಸೈಕಲ್ ಟ್ಯೂಬಿನ ಚೂರು, ಕಂಪನಿಯದಲ್ಲದ ಒಂದು ಎತ್ತಿನಗಾಡಿ ಕೀಲಿನಂಥ ಪಿನ್ನು, ಚೈನ್‌ಕೇಸಿನ ಒಳಗಡೆ ಹಾಕಿದ ಹಿತ್ತಾಳೆ ತೇಪೆ. ಕೆಲವು ಅವಸರದ ಕೆಲಸ, ಕಿತ್ತುಹಾಕಲೇಬೇಕು. ಆ ಹಿತ್ತಾಳೆ ತೇಪೆ ಮಾತ್ರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಹಾಗೇ ಉಳಿಸಿದೆ.

ಎಂಜಿನ್ ವಿಷಯಕ್ಕೆ ಬಂದರೆ, ಕಿಕ್ಕರ್ ಕದಲದಿದ್ದುದಕ್ಕೆ ಕಾರಣ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿದ್ದು. ಪ್ಲಗ್ಗಿನ ತೂತಿನಿಂದ ಡೀಸೆಲ್ ಮಿಶ್ರಣ ಹೊಯ್ದು ಹನ್ನೊಂದು ದಿನ ಬಿಟ್ಟೆವು. ಆಮೇಲೆ ಕಿಕ್ಕರನ್ನು ತುಳಿಯಲಿಲ್ಲ. ಅದನ್ನು ತುಳಿದರೆ ಒಳಗಿನ ಹಲ್ಲು ಮುರಿಯುತ್ತದೆ. ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಎರಡೂ ಕೈಯಿಂದ ಹಿಡಿದು ತೊಟ್ಟಿಲು ತೂಗಿದ ಹಾಗೆ ಹಿಂದೆ ಮುಂದೆ ತೂಗಿದೆವು. ಎಷ್ಟೋ ಹೊತ್ತಿನ ಮೇಲೆ ಎಂಜಿನ್ನಿನೊಳಗೆ ‘ಕಿರ್’ ಎಂದಿತು. ಚಕ್ರ ಕಾಲು ಸುತ್ತು ತಿರುಗಿತು.

ಹೆಡ್ಡು, ಸಿಲಿಂಡರ್ ಬಿಚ್ಚಿ ಲೇತ್ ಅಂಗಡಿಗೆ ಒಯ್ದೆವು. ಜಾವಾ 250ರ ಸಿಲಿಂಡರ್ ಬೋರು ಹೊಸದರಲ್ಲಿ 65 ಮಿ.ಮೀ., ಪಿಸ್ಟನ್ ಓಡುವ ದೂರ 75 ಮಿ.ಮೀ. ವರ್ಷಗಳು ಕಳೆದ ಹಾಗೆ ಬೋರು ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ ಒರಗುವ ಮುಂದು ಹಿಂದಿನ ಗೋಡೆ ಹೆಚ್ಚು ಸವೆದು ದುಂಡಗಿದ್ದದ್ದು ಅಂಡಾಕಾರವಾಗುತ್ತದೆ. ಅದನ್ನು ಮತ್ತೆ ದುಂಡಗೆ ಕೊರೆದು, ಕಾಲು ಮಿಲಿಮೀಟರ್ ಲೆಕ್ಕದಲ್ಲಿ ದೊಡ್ಡದಾಗುವ ಓವರ್‌ಸೈಜ್ ಪಿಸ್ಟನ್ನುಗಳಲ್ಲಿ ಹೊಂದುವುದನ್ನು ಹಾಕಬೇಕು. ನಮ್ಮದಕ್ಕೆ ಆಗಲೇ ಎರಡು ಸಲ ಬೋರ್ ಆಗಿತ್ತು. ಇದು ಮೂರನೆಯದು. ಬೋರ್ ಆದ ಮೇಲೆ ಕಿಂಡಿಗಳ ಅಂಚು ಚೂಪಾಗಿರುತ್ತದೆ, ಅದನ್ನು ನುಣ್ಣಗೆ ಮಾಡದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ರಿಂಗುಗಳ ಬಾಯಿ ಕಿಂಡಿಯ ನೇರಕ್ಕೆ ಬಾರದಿರಲೆಂದು ಪಿಸ್ಟನ್ನಿನ ರಿಂಗ್ ತೋಡುಗಳಲ್ಲಿ ಸಣ್ಣ ಪಿನ್ನುಗಳಿವೆ. ರಿಂಗಿನ ಬಾಯಿ ಅಲ್ಲೇ ಕೂರಬೇಕು.

ಹೊಸಬರು ಕಡೆಗಣಿಸುವುದು ಆಯಿಲ್ ಸೀಲು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಹೋಗುವುದು ಕ್ರ್ಯಾಂಕ್ ಇರುವ ಕೋಣೆಗೆ, ಅಲ್ಲಿಂದ ಒತ್ತಡದಿಂದ ಮೇಲಕ್ಕೆ. ಆ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಎಡಗಡೆ ಸೀಲು ಹೋದರೆ ಎಂಜಿನ್ನು ಗೇರ್‌ಬಾಕ್ಸಿನ ಆಯಿಲ್ ಎಳೆದು ಕುಡಿದು ಬೆಳ್ಳಗೆ ಹೊಗೆ ಬಿಡುತ್ತದೆ. ಬಲಗಡೆಯದು ಹೋದರೆ ಹೊರಗಿನ ಗಾಳಿ ಎಳೆದು ಎಂಜಿನ್ ಬಿಸಿಯಾಗುತ್ತದೆ. ನೂರಿನ್ನೂರು ರೂಪಾಯಿಯ ರಬ್ಬರಿಗಾಗಿ ಇಡೀ ಎಂಜಿನ್ ಮತ್ತೆ ಸೀಳಬೇಕಾಗುತ್ತದೆ. ಹಾಗಾಗಿ ಒಮ್ಮೆ ತೆರೆದ ಎಂಜಿನ್ನಿಗೆ ಹಳೆಯ ಸೀಲು ಹಾಕಬಾರದು, ಎಷ್ಟೇ ಚೆನ್ನಾಗಿ ಕಂಡರೂ. ಬಿಡಿಭಾಗ ಮೈಸೂರಿನಲ್ಲಿ ಬಹಳಷ್ಟು ಸಿಗುತ್ತದೆ. ಸಿಗದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಹೋಗಿಬಂದೆ.

ಟ್ಯಾಂಕಿನೊಳಗೆ ತುಕ್ಕು ಹಪ್ಪಳದಂತೆ ಎದ್ದಿತ್ತು. ವಿನಿಗರ್ ತುಂಬಿ ಎರಡು ದಿನ ಬಿಟ್ಟು, ಆಮೇಲೆ ಒಂದು ಮೊಳ ಹಳೆಯ ಸೈಕಲ್ ಚೈನು ಒಳಗಿಳಿಸಿ ಕುಲುಕಿದೆವು. ಜಲ್ಲಿಕಲ್ಲನ್ನೂ ಹಾಕುತ್ತಾರೆ, ಆದರೆ ಕಲ್ಲು ಒಳಗೇ ಉಳಿದರೆ ತೆಗೆಯುವುದು ಕಷ್ಟ. ಚೈನಿಗೆ ಒಂದು ತಂತಿ ಕಟ್ಟಿಟ್ಟರೆ ಎಳೆದು ತೆಗೆಯಬಹುದು. ಅಡುಗೆಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕೂಡಲೇ ಆಯಿಲ್ ಬೆರೆಸಿದ ಪೆಟ್ರೋಲ್ ಸವರಿದೆವು. ಒಂದು ರಾತ್ರಿ ಬಿಟ್ಟರೂ ಮತ್ತೆ ತುಕ್ಕು.

ಪಾಯಿಂಟ್ ಟೈಮಿಂಗ್ ಇಡುವುದನ್ನು ನೋಡಿದ ದಿನವನ್ನು ನಾನು ಮರೆಯಲಾರೆ. ಪಿಸ್ಟನ್ ತುತ್ತತುದಿಗೆ ಮುಟ್ಟುವ ಸ್ವಲ್ಪ ಮುಂಚೆಯೇ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಎಷ್ಟು ಮುಂಚೆ? ನಾಲ್ಕು ಮಿಲಿಮೀಟರಿನೊಳಗಿನ ಲೆಕ್ಕ. ಕಿಡಿ ಹಾರುವುದು ಬಲಗಡೆ ಡೈನಮೋ ಮುಚ್ಚಳದೊಳಗಿನ ಪಾಯಿಂಟು ತೆರೆದುಕೊಳ್ಳುವ ಗಳಿಗೆಯಲ್ಲಿ. ಪೂರ್ತಿ ತೆರೆದಾಗ ಅದರ ಬಾಯಿ ಅರ್ಧ ಮಿಲಿಮೀಟರೂ ಇಲ್ಲ, 0.4 ಮಿ.ಮೀ. ಈ ಗಳಿಗೆಯನ್ನು ಕಣ್ಣಿನಿಂದ ಹಿಡಿಯಲಾಗದು. ಮೇಸ್ತ್ರಿ ವರ್ನಿಯರ್‌ನಲ್ಲಿ ಪಿಸ್ಟನ್ನಿನ ಆಳ ಅಳೆದರು, ಸಿಗರೇಟ್ ಸುತ್ತುವ ತೆಳು ಕಾಗದದ ಎಳೆಯೊಂದನ್ನು ಪಾಯಿಂಟಿನ ನಡುವೆ ಸಿಕ್ಕಿಸಿದರು. ಎಡಗೈಯಲ್ಲಿ ಕಾಗದವನ್ನು ಹಗುರವಾಗಿ ಎಳೆದು ಹಿಡಿದು, ಬಲಗೈಯಲ್ಲಿ ಎಂಜಿನ್ನನ್ನು ಕೂದಲೆಳೆಯಷ್ಟೇ ತಿರುಗಿಸಿದರು. ಕಾಗದ ಹಿಡಿದಿತ್ತು, ಹಿಡಿದಿತ್ತು, ಸರಕ್ಕನೆ ಬಿಟ್ಟುಕೊಂಡಿತು. ‘ಈಗ’ ಎಂದರು. ಅಳತೆ ನೋಡಿದರೆ ಒಂದಿಷ್ಟು ತಡ. ಪ್ಲೇಟು ಸಡಿಲಿಸಿ, ತುಸು ಸರಿಸಿ, ಮತ್ತೆ ಕಾಗದ. ಆರೇಳು ಸಲ. ಆಮೇಲೆ ನನ್ನ ಕೈಗೆ ಕಾಗದ ಕೊಟ್ಟರು. ಬೆರಳ ತುದಿಗೆ ಆ ಬಿಡುಗಡೆ ಗೊತ್ತಾದಾಗ ಎಂಜಿನ್ನಿನ ಒಳಗನ್ನು ಮೊದಲ ಸಲ ಮುಟ್ಟಿದಂತಾಯಿತು.

ಆರು ವೋಲ್ಟಿನ ವೈರಿಂಗನ್ನು ಹನ್ನೆರಡಕ್ಕೆ ಬದಲಿಸಿ ಎಂದು ಹಲವರು ಹೇಳಿದರು. ಬೆಳಕು ಚೆನ್ನಾಗಿ ಬರುತ್ತದೆ, ನಿಜ. ನಾನು ರಾತ್ರಿ ದೂರ ಓಡಿಸುವವನಲ್ಲ, ಆರನ್ನೇ ಉಳಿಸಿದೆ. ಪ್ರತಿದಿನ ಓಡಿಸುವವರು ಬದಲಿಸಿಕೊಳ್ಳುವುದೇ ಒಳ್ಳೆಯದು.

ಬಣ್ಣದ ಕೆಲಸದಲ್ಲಿ ನನಗೆ ದಕ್ಕಿದ್ದು ಎಮರಿ ಪೇಪರಿನಲ್ಲಿ ಉಜ್ಜುವುದಷ್ಟೇ. ಕೆಂಗಂದು ಬಣ್ಣ ಸ್ಪ್ರೇ ಮಾಡಿಸಿದೆವು. ಟ್ಯಾಂಕಿನ ಬಂಗಾರದ ಗೆರೆಗೆ ಸ್ಟಿಕ್ಕರ್ ಸಿಗುತ್ತದೆ, ಅಂಟಿಸಿದರೆ ಐದು ನಿಮಿಷದ ಕೆಲಸ. ಮೇಸ್ತ್ರಿ ಒಪ್ಪಲಿಲ್ಲ. ಲಾರಿಗಳಿಗೆ ಬರೆಯುವ ವಯಸ್ಸಾದ ಪೇಂಟರೊಬ್ಬರನ್ನು ಕರೆಸಿದರು. ಅವರ ಕುಂಚಕ್ಕೆ ಬೆರಳುದ್ದದ ಕೂದಲು, ಆದರೆ ಹತ್ತಿಪ್ಪತ್ತು ಎಳೆಯಷ್ಟೇ ದಪ್ಪ. ಉದ್ದ ಕೂದಲು ಬಣ್ಣವನ್ನು ತುಂಬಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಹಾಗಾಗಿ ಗೆರೆ ನಡುವೆ ಕಡಿಯುವುದಿಲ್ಲ. ಕಿರುಬೆರಳನ್ನು ಟ್ಯಾಂಕಿನ ಅಂಚಿಗೆ ಆನಿಸಿ, ಉಸಿರು ಹಿಡಿದು, ಮೈಯನ್ನೇ ಹಿಂದಕ್ಕೆ ಸರಿಸುತ್ತಾ ಎಳೆದರು. ಮಣಿಕಟ್ಟು ಅಲ್ಲಾಡಲಿಲ್ಲ. ತಿರುವಿನಲ್ಲಿ ಕುಂಚವನ್ನು ಎರಡು ಬೆರಳ ನಡುವೆ ಹೊರಳಿಸಿದರು, ಗೆರೆಯೂ ಹೊರಳಿತು. ಎರಡೂ ಬದಿ ಮುಗಿಸಲು ಅರ್ಧ ಗಂಟೆ ಬೇಕಾಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಗೆರೆ ಒಂದೆಡೆ ಎಳೆಯಷ್ಟು ದಪ್ಪವಿದೆ. ನನಗೆ ಆ ಜಾಗವೇ ಹೆಚ್ಚು ಇಷ್ಟ.

ಟ್ಯಾಂಕಿನ ಬಲಗಡೆ ಒಂದು ಅಂಗೈಯಗಲದ ತಗ್ಗಿದೆ. ಟಿಂಕರಿಂಗ್ ಮಾಡಿಸಿ ಎತ್ತಿಸಬಹುದಿತ್ತು. ಕಾಲುವೆ ಏರಿಯ ಮೇಲೆ ಗಾಡಿ ಜಾರಿದಾಗ ದೊಡ್ಡಪ್ಪನ ಮಂಡಿ ಬಡಿದು ಆದದ್ದು. ಮೊಟ್ಟೆ ಹಾಳೆಯ ಚೀಲವನ್ನು ಮಾತ್ರ ಎದೆಗೆ ಅವಚಿಕೊಂಡಿದ್ದರಂತೆ. ಆ ತಗ್ಗಿನ ಮೇಲೆಯೇ ಬಣ್ಣ ಹೊಡೆಸಿದ್ದೇನೆ. ಸೀಟು, ಸೀಲು, ಚಕ್ರದ ಕಡ್ಡಿ, ಬ್ರೇಕ್ ಶೂ, ಟೈರು ಹೊಸವು. ಸವೆದರೆ ಜೀವಕ್ಕೆ ಅಪಾಯವಾಗುವ ಯಾವುದನ್ನೂ ನೆನಪಿಗೆಂದು ಉಳಿಸಬಾರದು, ಈ ವಿಷಯದಲ್ಲಿ ನಾನು ಕಟ್ಟುನಿಟ್ಟು.

ಆರ್.ಸಿ. ನವೀಕರಣವನ್ನು ಕಡೆಗೆ ಇಟ್ಟುಕೊಂಡದ್ದು ತಪ್ಪಾಯಿತು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಅದು ಆಗಬೇಕು. ಕೆಲಸ ಹಿಡಿಯುವ ಮೊದಲೇ ಕಾಗದಪತ್ರ ಯಾರ ಹೆಸರಿನಲ್ಲಿದೆ, ಚಾಸಿ ನಂಬರು ತಾಳೆಯಾಗುತ್ತದೆಯೇ ನೋಡಿಕೊಳ್ಳಬೇಕು. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರ್ ನಮಗೆ ಉಳಿಯಿತು.

ಕಾರ್ತಿಕದ ಒಂದು ಬೆಳಿಗ್ಗೆ, ಲೀಟರಿಗೆ 50 ಮಿ.ಲೀ. ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ, ಕಾರ್ಬೊರೇಟರಿನ ಮೊಳೆ ಒತ್ತಿ ಪೆಟ್ರೋಲ್ ಉಕ್ಕಿಸಿ ಕಿಕ್ ಮಾಡಿದೆ. ಹೊಸ ಬೋರಿಗೆ ಮೊದಮೊದಲು ಆಯಿಲ್ ಹೆಚ್ಚಿರಬೇಕು. ಏಳನೇ ಕಿಕ್ಕಿಗೆ ಒಮ್ಮೆ ಕೆಮ್ಮಿತು. ಒಂಬತ್ತನೆಯದಕ್ಕೆ ಹಿಡಿದುಕೊಂಡಿತು. ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಕೊಟ್ಟಿಗೆ ತುಂಬಿತು, ಕೋಳಿಗಳೆಲ್ಲ ಅಂಗಳಕ್ಕೆ ಹಾರಿದವು. ದೊಡ್ಡಮ್ಮ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಎಂಜಿನ್ ಆಫ್ ಮಾಡುವವರೆಗೂ ಏನೂ ಮಾತಾಡಲಿಲ್ಲ. ಆಮೇಲೆ, ‘ನಿಧಾನ ಓಡ್ಸಪ್ಪ’ ಎಂದಷ್ಟೇ ಹೇಳಿ ಒಳಗೆ ಹೋದರು. ಒಳಗೆ ಪಾತ್ರೆಯ ಸದ್ದಾಯಿತು, ಕಾಫಿಗೆ ನೀರಿಟ್ಟಿರಬೇಕು.

ಲಗ್ನಪತ್ರಿಕೆಯ ಪ್ಯಾಕಿಂಗ್ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇದೆ. ಅದರ ಎದುರು ಪುಟದಲ್ಲಿ ನಾನು ತಟ್ಟಿದ ಹೊಸದರ ಅಳತೆ, ತಾರೀಕು ಬರೆದಿಟ್ಟಿದ್ದೇನೆ. ಗಾಡಿ ಹಿಡಿದುಕೊಂಡ ದಿನ ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿಟ್ಟು ಹೋಗಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಎಡ ಮುಚ್ಚಳದ ಕೆಳಗೆ ಪೂರ್ತಿ ಒಣಗಿತ್ತು. ಡ್ರೈನ್ ಬೋಲ್ಟಿನ ನೇರಕ್ಕೆ ಮಾತ್ರ ಒಂದು ಹನಿ ಬಿದ್ದಿತ್ತು. ಈ ವಾರ ಅದರ ವಾಷರ್ ಬದಲಿಸಬೇಕು.